ತೊಗರಿ ನಾಡಿನ ದುಡಿಮೆ ಮತ್ತು ಜನಸಂಖ್ಯೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಂದು ಅವಲೋಕನ

ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿರುವ ಸೇಡಂ ಮತ್ತು ಚಿತ್ತಾಪುರ ತಾಲ್ಲೂಕುಗಳಿಗೆ ಸುಣ್ಣದ ಕಲ್ಲು ದೊರೆತಿದೆ. ಅದರ ಬೆನ್ನಿಗೇ ಸಿಮೆಂಟ್ ಕಾರ್ಖಾನೆಗಳೂ ಬಂದವು. ಪಶ್ಚಿಮ ಹಾಗೂ ದಕ್ಷಿಣದ ಆಳಂದ, ಅಫಜಲಪುರ ಮತ್ತು ಜೇವರ್ಗಿಗಳಿಗೆ ಇರುವ ಸಂಪತ್ತು ಎರಡೇ: ಕಪ್ಪು ಎರೆಭೂಮಿ ಮತ್ತು ಭೀಮೆಯ ನೀರು. ಈ ಎರಡರ ಮೇಲೆಯೇ ಇಲ್ಲಿನ ಆದಾಯ, ಉದ್ಯೋಗ ಮತ್ತು ಜನರ ಚಲನವಲನ ನಿಂತಿವೆ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಈ ಮೂರೂ ಆ ಪಟ್ಟಿಯಲ್ಲಿದ್ದವು.

ಒಂದು ಬೆಳೆಯ ಅರ್ಥವ್ಯವಸ್ಥೆ

ತೊಗರಿಯನ್ನು ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಮಳೆಯಾಶ್ರಿತ ಹೊಲದಲ್ಲಿ ಅದರ ನಂತರ ಮತ್ತೊಂದು ಬೆಳೆಗೆ ತೇವ ಉಳಿಯುವುದಿಲ್ಲ. ಆದುದರಿಂದ ರೈತನ ವರ್ಷದ ಆದಾಯವೆಲ್ಲ ಒಂದೇ ಋತುವಿನಲ್ಲಿ ಬರುತ್ತದೆ. ಬೀಜ, ಗೊಬ್ಬರ, ಬಟ್ಟೆ, ಕಿರಾಣಿ ಎಲ್ಲವನ್ನೂ ರಾಶಿಯ ಭರವಸೆಯ ಮೇಲೆ ಉದ್ದರಿ ಕೊಡುವ ವರ್ತಕನ ಭವಿಷ್ಯವೂ ಅದೇ ಬೆಳೆಗೆ ಕಟ್ಟುಬಿದ್ದಿದೆ. 2022ರ ಹಂಗಾಮಿನಲ್ಲಿ ನೆಟೆ ರೋಗ, 2023ರಲ್ಲಿ ಬರ, 2020ರ ಅಕ್ಟೋಬರ್‌ನಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಪ್ರವಾಹ — ಇವೆಲ್ಲವುಗಳ ಹೊಡೆತ ಹೊಲದಿಂದ ಅಂಗಡಿಯ ಖಾತೆ ಪುಸ್ತಕಕ್ಕೆ ನೇರವಾಗಿ ತಲುಪಿತು.

ಬೆಲೆಯೂ ಸ್ಥಿರವಲ್ಲ. ಕೇಂದ್ರ ಸರ್ಕಾರವು 2021ರ ಮೇ ತಿಂಗಳಲ್ಲಿ ತೊಗರಿಯ ಮುಕ್ತ ಆಮದಿಗೆ ಅವಕಾಶ ನೀಡಿ, ಅನಂತರ ಅದನ್ನು ಹಲವು ಬಾರಿ ವಿಸ್ತರಿಸಿತು. ಇದರಿಂದ ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದ ಫಸಲು ನಮ್ಮ ಗಂಜ್‌ನ ಧಾರಣೆಯನ್ನು ಪ್ರಭಾವಿಸುವಂತಾಯಿತು. ಬೆಂಬಲ ಬೆಲೆಯು 2024-25ರಲ್ಲಿ ಕ್ವಿಂಟಲ್‌ಗೆ 7,550 ರೂ. ಇದ್ದುದು 2025-26ಕ್ಕೆ 8,000 ರೂ.ಗೆ ಏರಿತು. ಆದರೆ ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಇರುವುದಿಲ್ಲ.

ನೀರು ತಂದ ಬದಲಾವಣೆ

ಆಳಂದದ ಅಮರ್ಜಾ ಜಲಾಶಯ, ಅಫಜಲಪುರದ ಸೊನ್ನ ಬ್ಯಾರೇಜ್, ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆ — ಇವುಗಳಿಂದ ಕಬ್ಬು, ಬಾಳೆ, ಹತ್ತಿ ವಿಸ್ತರಿಸಿವೆ. ಭೂಸನೂರ, ಹವಳಗಾ ಹಾಗೂ 2018ರಲ್ಲಿ ಜೇವರ್ಗಿಯಿಂದ ಬೇರ್ಪಟ್ಟ ಯಡ್ರಾಮಿ ತಾಲ್ಲೂಕಿನ ಮಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಆದರೆ ಕಬ್ಬು ನುರಿಸುವ ಕೆಲಸವೂ ಋತುಮಾನದ್ದೇ. ಭೀಮೆಯ ಹರಿವು ಮೇಲ್ಭಾಗದ ಮಹಾರಾಷ್ಟ್ರದ ಉಜನಿ ಜಲಾಶಯವನ್ನು ಅವಲಂಬಿಸಿರುವುದರಿಂದ ನೀರೂ ಸಹ ಪೂರ್ಣವಾಗಿ ನಮ್ಮ ಕೈಯಲ್ಲಿಲ್ಲ.

ಗುಳೆ ಮತ್ತು ಜನಗಣತಿ

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 25,66,326. ಹಿಂದಿನ ದಶಕದಲ್ಲಿ ಅದು ಸುಮಾರು ಶೇ. 18ರಷ್ಟು ಬೆಳೆದಿತ್ತು, ರಾಜ್ಯದ ಬೆಳವಣಿಗೆ ಶೇ. 15.6 ಮಾತ್ರ. ಸಾಕ್ಷರತೆ ಮಾತ್ರ ಶೇ. 64.85 ಇದ್ದು, ರಾಜ್ಯದ ಸರಾಸರಿ ಶೇ. 75.36ಕ್ಕಿಂತ ಬಹಳ ಕೆಳಗಿತ್ತು. ದುಡಿಯುವ ಕೈಗಳು ಹೆಚ್ಚುತ್ತಿದ್ದು ದುಡಿಮೆ ಹೆಚ್ಚದಿದ್ದರೆ ಉಳಿಯುವ ದಾರಿ ಗುಳೆಯೊಂದೇ. ರಾಶಿ ಮುಗಿದೊಡನೆ ಕುಟುಂಬಗಳು ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. 2020ರ ಲಾಕ್‌ಡೌನ್ ಸಮಯದಲ್ಲಿ ಇವರು ಮರಳಿ ಬಂದಾಗಲೇ ಗುಳೆಯ ಗಾತ್ರ ಎಲ್ಲರ ಕಣ್ಣಿಗೆ ಬಿದ್ದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ಗುಳೆಯ ಕಾಲದಲ್ಲಿ. ಆ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವರನ್ನು ಅವರು ಇದ್ದಲ್ಲಿಯೇ ಎಣಿಸುವುದು ಜನಗಣತಿಯ ನಿಯಮ. ಮುಂದಿನ ಜನಗಣತಿಯ ಆಧಾರ ದಿನಾಂಕವೂ 2027ರ ಮಾರ್ಚ್ 1. ಆದುದರಿಂದ ಈ ತಾಲ್ಲೂಕುಗಳ ನಿಜವಾದ ಜನಬಲ ಅಂಕಿಗಳಲ್ಲಿ ಕಡಿಮೆಯಾಗಿಯೇ ಕಾಣುವ ಸಂಭವವಿದೆ. ಜನಸಂಖ್ಯೆಯನ್ನು ಆಧರಿಸಿ ಹಂಚಿಕೆಯಾಗುವ ಅನುದಾನದ ಮೇಲೂ ಇದರ ಪರಿಣಾಮವಾಗುತ್ತದೆ.

ಕೂಲಿಗಳ ಕೊರತೆಯಿಂದ ತೊಗರಿ ಕಟಾವಿಗೆ ಯಂತ್ರಗಳು ಬಂದಿವೆ. ರೈತನಿಗೆ ಇದು ಅನುಕೂಲ; ಆದರೆ ಮಹಿಳಾ ಕಾರ್ಮಿಕರ ಕೂಲಿ ದಿನಗಳು ಅಷ್ಟೇ ಕಡಿಮೆಯಾಗಿವೆ. ಗುಳೆಯಿಂದ ಯಂತ್ರ, ಯಂತ್ರದಿಂದ ಮತ್ತೆ ಗುಳೆ ಎಂಬ ಚಕ್ರ ಆರಂಭವಾಗಿದೆ.

ವರ್ತಕ ಸಮುದಾಯದ ಮುಂದಿರುವ ಕೆಲಸ

ಮೂರು ತಾಲ್ಲೂಕುಗಳ ತೊಗರಿ ಬಹುಮಟ್ಟಿಗೆ ಕಾಳಾಗಿಯೇ ಹೊರಹೋಗುತ್ತದೆ. ದಾಲ್‌ಮಿಲ್‌ಗಳು ಕಲಬುರಗಿ ನಗರದಲ್ಲಿ ಕೇಂದ್ರೀಕೃತವಾಗಿವೆ. ಬೇಳೆಯ ಲಾಭದ ಜೊತೆಗೆ ಹೊಟ್ಟು-ನುಚ್ಚಿನಿಂದಾಗುವ ಪಶು ಆಹಾರದ ವ್ಯವಹಾರವೂ ತಾಲ್ಲೂಕಿನ ಕೈತಪ್ಪುತ್ತಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಹೆಸರಿನಲ್ಲಿ ಶುದ್ಧ ಬೇಳೆಯನ್ನು ಪೊಟ್ಟಣ ಕಟ್ಟಿ ಮಾರಿದರೆ ಮಾತ್ರ ಮಾನ್ಯತೆ ಹಣವಾಗಿ ಪರಿಣಮಿಸುತ್ತದೆ. ಸಣ್ಣ ಗಿರಣಿ, ಉಗ್ರಾಣ ರಶೀದಿಯ ಮೇಲೆ ಸಾಲ, ಪಶು ಆಹಾರ ಘಟಕ — ಇವುಗಳಿಗೆ ಬಹುದೊಡ್ಡ ಬಂಡವಾಳ ಬೇಕಿಲ್ಲ. ಇವು ರಾಶಿಯ ನಂತರದ ನಾಲ್ಕೈದು ತಿಂಗಳು ಕೆಲಸ ಕೊಡುತ್ತವೆ. ಗುಳೆಯ ತಿಂಗಳುಗಳೂ ಅವೇ.

2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಸಂವಿಧಾನದ 371(ಜೆ) ವಿಧಿ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಒದಗಿಸಿದೆ. ಆದರೆ ಸರ್ಕಾರಿ ನೌಕರಿ ಎಲ್ಲರಿಗೂ ಸಿಗುವಂಥದಲ್ಲ. ಹಳ್ಳಿಯ ಮನೆಗೆ ಬೀಗ ಬಿದ್ದಾಗ ಊರಿನ ಅಂಗಡಿಯ ಗಿರಾಕಿಯೂ ಹೊರಟುಹೋಗುತ್ತಾನೆ. ತಾಲ್ಲೂಕಿನಲ್ಲಿ ಉದ್ಯೋಗ ಸೃಷ್ಟಿಸುವುದು ದಾನಧರ್ಮದ ವಿಷಯವಲ್ಲ; ಅದು ವರ್ತಕರು ತಮ್ಮ ಮಾರುಕಟ್ಟೆಯನ್ನು ತಾವೇ ಉಳಿಸಿಕೊಳ್ಳುವ ಕ್ರಮ.