ಇಂಗ್ಲಿಷ್ ಕಲಿಕೆಗೆ ಆ್ಯಪ್: ಮನೆಯಲ್ಲಿ ಬಳಸುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಮಗು ಇಂಗ್ಲಿಷ್ ಪುಸ್ತಕ ಹಿಡಿದು ಕೂತರೆ ಹೇಳಿಕೊಡುವವರು ಇರುವುದಿಲ್ಲ. ಟ್ಯೂಷನ್ ಎಲ್ಲರ ಕೈಗೂ ಎಟುಕದು. ಇಂಥ ಮನೆಗೆ ಒಳ್ಳೆಯ ಆ್ಯಪ್ ನಿಜಕ್ಕೂ ಆಸರೆ. ಆದರೆ ಫೋನ್ ಕೊಟ್ಟು ಎದ್ದು ಹೋದರೆ ಫಲವಿಲ್ಲ. ದೊಡ್ಡವರು ಪಕ್ಕದಲ್ಲಿ ಕೂರಬೇಕು. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ.

ಯಾವುದು ಏನು ಮಾಡುತ್ತದೆ?

ಗೂಗಲ್‌ನ ‘ರೀಡ್ ಅಲಾಂಗ್’ 2019ರಲ್ಲಿ ‘ಬೋಲೋ’ ಎಂಬ ಹೆಸರಿನಲ್ಲಿ ಭಾರತದಲ್ಲೇ ಮೊದಲು ಬಂತು. ಪರದೆಯ ಮೇಲಿನ ಕಥೆಯನ್ನು ಮಗು ಗಟ್ಟಿಯಾಗಿ ಓದಬೇಕು. ಮೈಕ್ ಹಿಡಿದ ದನಿಯನ್ನು ಆ್ಯಪ್ ಪರದೆಯ ಪದದೊಂದಿಗೆ ತಾಳೆ ನೋಡುತ್ತದೆ. ಮಗು ತಡವರಿಸಿದರೆ ‘ದಿಯಾ’ ಎಂಬ ಗೊಂಬೆ ಗೆಳತಿ ಆ ಪದವನ್ನು ಹೇಳಿಕೊಡುತ್ತಾಳೆ. ಕಥೆಗಳನ್ನು ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಸಿಗದ ಹಳ್ಳಿಯಲ್ಲೂ ಓದಬಹುದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ನಲ್ಲಿ ಅನೇಕ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿಸಿ. ಕಥೆ ಗೊತ್ತಿದ್ದ ಮಗು ಇಂಗ್ಲಿಷ್ ವಾಕ್ಯಕ್ಕೆ ಹೆದರುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ತಂದ ‘ದೀಕ್ಷಾ’ ಶಾಲೆಯ ಪಾಠಕ್ಕೇ ಜೋಡಣೆಯಾಗಿದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ.

ಮಗು ಎಲ್ಲಿ ಎಡವುತ್ತದೆ?

ಕನ್ನಡವನ್ನು ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ದನಿಯೇ ಬೇರೆ. ‘ಸಿ, ಎ, ಟಿ’ ಎಂದು ಬಾಯಿಪಾಠ ಮಾಡಿದ ಮಗುವಿಗೆ ‘ಕ್ಯಾಟ್’ ಹೇಗಾಯಿತೆಂದು ಹೊಳೆಯದು. ಹಾಗಾಗಿ ಅಕ್ಷರದ ದನಿ ಕಲಿಸುವ ‘ಫೋನಿಕ್ಸ್’ ಪಾಠಗಳಿಂದ ಆರಂಭಿಸಿ. ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಉಕಾರ ಸೇರುವುದು ಕನ್ನಡದ ನಾಲಿಗೆಗೆ ಸಹಜ. ಆ್ಯಪ್ ಒಪ್ಪದಿದ್ದರೆ ಗದರಬೇಡಿ. ಪದವನ್ನು ಮತ್ತೊಮ್ಮೆ ಕೇಳಿಸಿ. ಟಿವಿ ಸದ್ದಿನ ನಡುವೆ ಮೈಕ್‌ಗೆ ಮಗುವಿನ ದನಿ ಸರಿಯಾಗಿ ಸಿಗದು, ಟಿವಿಯನ್ನು ಮೊದಲು ಆರಿಸಿ.

ದಿನಕ್ಕೆ ಹದಿನೈದು ನಿಮಿಷ

ಐದು ನಿಮಿಷ ಕೇಳುವುದು, ಐದು ನಿಮಿಷ ಗಟ್ಟಿಯಾಗಿ ಓದುವುದು. ಕೊನೆಯ ಐದು ನಿಮಿಷ ಫೋನ್ ಪಕ್ಕಕ್ಕಿಟ್ಟು ಮಾತು. ಈ ಕೊನೆಯ ಭಾಗವೇ ಮುಖ್ಯ. ರೇಷ್ಮೆ ಸಾಕುವ ಮನೆಯಾದರೆ ಗೂಡನ್ನೇ ಕೈಗೆ ಕೊಡಿ: ಮಿಶ್ರತಳಿಯದು ‘ಯೆಲ್ಲೋ’, ದ್ವಿತಳಿಯದು ‘ವೈಟ್’, ಹಿಪ್ಪುನೇರಳೆ ಎಲೆ ‘ಗ್ರೀನ್ ಲೀಫ್’. ಚನ್ನಪಟ್ಟಣದ ಬುಗುರಿ ಆಡಿಸುತ್ತಾ ‘ದ ಟಾಪ್ ಈಸ್ ರೆಡ್’ ಎನ್ನಿಸಿ. ಆಮೇಲೆ ಬುಗುರಿಯನ್ನು ಮೇಜಿನ ಮೇಲಿಟ್ಟು, ಕೆಳಗಿಟ್ಟು ‘ಆನ್’, ‘ಅಂಡರ್’ ಹೇಳಿಸಿ. ಪರದೆಯಲ್ಲಿ ಕೇಳಿದ ಪದ ಹೀಗೆ ಬಾಯಿಗೆ ಬಂದರೆ ಮರೆಯುವುದಿಲ್ಲ.

ನಿಮಗೆ ಇಂಗ್ಲಿಷ್ ಬಾರದಿದ್ದರೆ “ಇದರಲ್ಲಿ ಏನಾಯ್ತು ಹೇಳು ಮಗಾ” ಎಂದು ಕನ್ನಡದಲ್ಲೇ ಕೇಳಿ. ಅರ್ಥವಾಗಿದೆಯೋ ಇಲ್ಲವೋ ಅದರಲ್ಲೇ ತಿಳಿಯುತ್ತದೆ.

ಎಚ್ಚರಿಕೆಗಳು

ಕಥೆ ಡೌನ್‌ಲೋಡ್ ಆದ ಮೇಲೆ ಇಂಟರ್‌ನೆಟ್ ಆಫ್ ಮಾಡಿ; ರೀಲ್ಸ್ ಕಡೆ ಬೆರಳು ಜಾರುವುದಿಲ್ಲ. ಹಣ ಕೇಳುವ, ಜಾಹೀರಾತು ತುಂಬಿದ ಆ್ಯಪ್‌ಗಳು ಬೇಡ. ಹತ್ತು ಆ್ಯಪ್ ಹಾಕಿಕೊಳ್ಳುವ ಬದಲು ಒಂದೆರಡನ್ನು ನಿತ್ಯ ಬಳಸಿ. ಐದು ವರ್ಷದೊಳಗಿನ ಮಕ್ಕಳಿಗೆ ಪರದೆಗಿಂತ ಮಾತು, ಆಟವೇ ಒಳ್ಳೆಯದು.

ಮಗುವಿನ ಕನ್ನಡ ಗಟ್ಟಿಯಾದಷ್ಟೂ ಇಂಗ್ಲಿಷ್ ಸಲೀಸು. ಇವತ್ತು ಸಂಜೆಯೇ ಒಂದು ಪುಟ್ಟ ಕಥೆಯಿಂದ ಶುರುಮಾಡಿ, ಪಕ್ಕದಲ್ಲಿ ನೀವೂ ಕೂತಿರಿ.