ದೋಣಿಯ ತಳಕ್ಕೆ ಕೆವ್ಲಾರ್ ಬಟ್ಟೆ: ಎಲ್ಲಿ ಬೇಕು, ಎಲ್ಲಿ ಬೇಡ

ಆನೆಗೊಂದಿ ಸುತ್ತಮುತ್ತ ಹೊಳೆ ದಾಟಿ ಬಾಳೆತೋಟಕ್ಕೆ ಹೋಗೋರಿಗೆ ದೋಣಿ ಅಂದ್ರೆ ಕುಡಗೋಲು, ಸಲಿಕೆಯಂಥದೇ ಒಂದು ಸಲಕರಣೆ. ಈಗ ಕೆಲವರು ಪ್ಲೈವುಡ್ ತಂದು ಮನೆಯಲ್ಲೇ ಸಣ್ಣ ದೋಣಿ ಮಾಡಿಕೊಳ್ಳುವ ಯೋಚನೆಯಲ್ಲಿದ್ದಾರೆ. "ತಳಕ್ಕೆ ಗುಂಡು ತಡೆಯುವ ಬಟ್ಟೆ ಹಚ್ಚಿದ್ರ ಬಂಡಿಗೆ ಬಡಿದ್ರೂ ಒಡಿಯಂಗಿಲ್ಲಂತ, ಖರೇ ಏನ್ರಿ?" ಅನ್ನೋದು ಅವರ ಪ್ರಶ್ನೆ. ಅರ್ಧ ಖರೆ. ಉಳಿದರ್ಧ ತಿಳಿಯದೆ ರೊಕ್ಕ ಹಾಕಬ್ಯಾಡ್ರಿ.

ಮೊದಲು ನಮ್ಮ ಹರಿಗೋಲಿನ ವಿಚಾರ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಇಲ್ಲಿ ಜನ ಬುಟ್ಟಿಯಂಥ ದುಂಡನೆಯ ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ, 15-20 ಮಂದಿ ಹಿಡಿಸುವಷ್ಟು ಅಗಲ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತತ್ವ ಮಾತ್ರ ಅದೇ: ಬಿದಿರಿನ ಹೆಣಿಗೆ ಬಂಡೆಗೆ ತಾಗಿದಾಗ ಬಾಗುತ್ತದೆ, ಮತ್ತೆ ಸೆಟೆದು ನಿಲ್ಲುತ್ತದೆ. ಹಂಗಾಗಿ ಹರಿಗೋಲಿಗೆ ಕೆವ್ಲಾರ್ ಹಚ್ಚಬ್ಯಾಡ್ರಿ. ಡಾಂಬರಿನ ಮೇಲೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಹಿಡಿದರೂ ಬಾಗುವ ಬುಟ್ಟಿಯ ಮೇಲೆ ಗಟ್ಟಿ ಪದರ ಬಿರುಕು ಬಿಡುತ್ತದೆ. ಹರಿಗೋಲಿಗೆ ಡಾಂಬರೇ ಸರಿ.

ಪ್ಲೈವುಡ್ ದೋಣಿಯ ಲೆಕ್ಕ ಬೇರೆ. ಅದು ಬಾಗುವುದು ಕಡಿಮೆ, ಪೆಟ್ಟು ಜೋರಾದರೆ ಸೀಳುತ್ತದೆ.

ಕೆವ್ಲಾರ್ ಅಂದ್ರೇನು?

ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1965ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ನಾರು ಇದು. ಹಗುರವಾದ ಗಟ್ಟಿ ಟೈರಿಗೆ ನಾರು ಹುಡುಕುವಾಗ ಸಿಕ್ಕಿತು. ತೂಕಕ್ಕೆ ತೂಕ ಹೋಲಿಸಿದರೆ ಎಳೆತ ತಡೆಯುವುದರಲ್ಲಿ ಉಕ್ಕಿಗಿಂತ ಸುಮಾರು 5 ಪಟ್ಟು ಗಟ್ಟಿ. ಗಾಜಿನ ನಾರಿಗಿಂತ ಹಗುರ: ಗಾಜಿನ ಸಾಂದ್ರತೆ 2.5ರ ಆಸುಪಾಸು, ಕೆವ್ಲಾರ್‌ನದು 1.44.

ಆದರೆ ಅದರ ಬಲವೆಲ್ಲ ಎಳೆತಕ್ಕೆ. ಅದುಮಿದರೆ ಸೋಲುತ್ತದೆ. ನಮ್ಮ ಮಿಣಿಹಗ್ಗ ಇದ್ದಂಗ: ಎಳೆದರೆ ಎತ್ತನ್ನೂ ಹಿಡಿಯುತ್ತದೆ, ತಳ್ಳಿದರೆ ಮಡಚಿಕೊಳ್ಳುತ್ತದೆ.

ಒಳಗೋ, ಹೊರಗೋ?

ಬಹಳ ಮಂದಿ ಎಡವುವುದು ಇಲ್ಲೇ. ಬಂಡೆ ಹೊರಗಿನಿಂದ ಬಡಿಯುತ್ತದೆ, ಹಂಗಾಗಿ ಬಟ್ಟೆಯೂ ಹೊರಗೇ ಇರಲಿ ಅನ್ನಿಸುವುದು ಸಹಜ. ಒಂದು ಹಸಿ ಕಡ್ಡಿ ತಗೊಂಡು ಬಾಗಿಸಿ ನೋಡ್ರಿ. ಹೆಬ್ಬೆರಳು ಒತ್ತಿದ ಬದಿ ಅದುಮುತ್ತದೆ, ಎದುರು ಬದಿ ಹಿಗ್ಗಿ ಸೀಳುತ್ತದೆ. ದೋಣಿಯ ತಳವೂ ಹಂಗೇ. ಬಂಡೆ ಒತ್ತಿದ ಹೊರಮೈ ಅದುಮುತ್ತದೆ, ಒಳಮೈ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ಕೆವ್ಲಾರ್ ಒಳಮೈಗೆ, ಉಜ್ಜಾಟ ತಡೆಯುವ ಫೈಬರ್ ಗ್ಲಾಸ್ ಬಟ್ಟೆ ಹೊರಮೈಗೆ.

ಹೊರಗೆ ಕೆವ್ಲಾರ್ ಹಾಕಿದರೆ ಮರಳು, ಕಲ್ಲಿಗೆ ಉಜ್ಜಿ ಅದು ಹತ್ತಿಯಂಗ ನಾರು ನಾರಾಗಿ ಏಳುತ್ತದೆ. ಮರಳು ಕಾಗದ ಹಾಕಿ ನುಣುಪು ಮಾಡಲಿಕ್ಕೂ ಆಗುವುದಿಲ್ಲ. ಬಿಸಿಲು, ತೇವ ಎರಡೂ ಅದಕ್ಕೆ ಆಗಿಬರುವುದಿಲ್ಲ.

ಹಚ್ಚುವ ಕ್ರಮ

1. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಗೊಳ್ರಿ. ಹಲಗೆ ಪೂರ್ತಿ ಒಣಗಿರಬೇಕು. ಒಳಮೂಲೆಗಳನ್ನು ಎಪಾಕ್ಸಿ ಮತ್ತು ಮರದ ಪುಡಿಯ ಮಿಶ್ರಣದಿಂದ ದುಂಡಗೆ ಮಾಡ್ರಿ. ಚೂಪು ಮೂಲೆಯಲ್ಲಿ ಬಟ್ಟೆ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

2. ಅಂಟು ಎಪಾಕ್ಸಿಯೇ ಆಗಿರಲಿ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಕೆವ್ಲಾರ್‌ಗೂ ಮರಕ್ಕೂ ಸರಿಯಾಗಿ ಕಚ್ಚುವುದಿಲ್ಲ.

3. ಸಣ್ಣ ದೋಣಿಗೆ ಚದರ ಮೀಟರ್‌ಗೆ 170 ಗ್ರಾಂ ತೂಗುವ ಬಟ್ಟೆಯ ಒಂದು ಪದರ ಸಾಕು. ಕತ್ತರಿಸುವ ಗೆರೆಗೆ ಟೇಪ್ ಅಂಟಿಸಿ, ಹೊಸದಾಗಿ ಸಾಣೆ ಹಿಡಿದ ಕತ್ತರಿ ಬಳಸ್ರಿ.

4. ಫೈಬರ್ ಗ್ಲಾಸ್ ಬಟ್ಟೆ ಅಂಟು ಕುಡಿದಾಗ ಪಾರದರ್ಶಕ ಆಗುತ್ತದೆ. ಕೆವ್ಲಾರ್ ಹಳದಿಯಾಗೇ ಉಳಿಯುತ್ತದೆ, ಒಣ ಜಾಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಮೊದಲು ಮರಕ್ಕೆ ಎಪಾಕ್ಸಿ ಬಳಿದು, ಆಮೇಲೆ ಬಟ್ಟೆ ಹಾಸಿ, ರೋಲರ್‌ನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗ್ರಿ.

5. ಅಂಟು ಇನ್ನೂ ಜಿಗುಟಾಗಿರುವಾಗಲೇ ಮೇಲೆ ತೆಳು ಫೈಬರ್ ಗ್ಲಾಸ್ ಬಟ್ಟೆ ಹಾಸ್ರಿ. ಆಮೇಲೆ ಮರಳು ಕಾಗದ ತಾಗುವುದು ಗಾಜಿಗೆ ಮಾತ್ರ. ಕೊನೆಗೆ ಬಣ್ಣ ಹೊಡೆಯಲೇಬೇಕು, ಬಿಸಿಲಿಗೆ ಎಪಾಕ್ಸಿಯೂ ಕೆಡುತ್ತದೆ.

6. ಹೊರತಳಕ್ಕೆ ಫೈಬರ್ ಗ್ಲಾಸ್ 2 ಪದರ. ಅದರ ಮೇಲೆ ಉದ್ದಕ್ಕೂ ಒಂದೆರಡು ಮರದ ಪಟ್ಟಿ. ಸವೆಯುವುದು ಪಟ್ಟಿಯೇ ಆಗಲಿ, ಅದನ್ನು ಬದಲಿಸಬಹುದು.

ನಮ್ಮ ಭಾಗದ ಬಿಸಿಲಿಗೆ ಒಂದು ಮಾತು. ಎಪಾಕ್ಸಿ ಡಬ್ಬಿಯಲ್ಲಿ ಹೆಚ್ಚು ಕಲಸಿಟ್ಟರೆ ತಾನೇ ಕಾದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪ ಕಲಸ್ರಿ. ಕೆಲಸ ನೆರಳಲ್ಲಿ, ಇಳಿಹೊತ್ತಿಗೆ ಶುರು ಮಾಡ್ರಿ. ಬೆಳಿಗ್ಗೆ ಹಚ್ಚಿದರೆ ಮರ ಕಾಯುತ್ತಾ ಹೋದಂತೆ ಅದರೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತವೆ. ಕೈಗವಸು ತಪ್ಪಿಸಬ್ಯಾಡ್ರಿ, ಎಪಾಕ್ಸಿ ಚರ್ಮಕ್ಕೆ ಅಲರ್ಜಿ ಹಚ್ಚುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ.

ಯಾರಿಗೆ ಬೇಕು?

ಕುಷ್ಟಗಿ, ಯಲಬುರ್ಗಾ ಕಡೆ ಕೃಷಿ ಹೊಂಡದಲ್ಲಿ ಮೀನು ಸಾಕಿ, ಮೇವು ಹಾಕಲಿಕ್ಕೆ ಸಣ್ಣ ದೋಣಿ ಬೇಕೆನ್ನುವವರಿಗೆ ಕೆವ್ಲಾರ್ ಬೇಡವೇ ಬೇಡ. ಅಲ್ಲಿ ಬಂಡೆ ಇಲ್ಲ. ಅಲ್ಲಿನ ಭಯ ಉಲ್ಟಾ: ದೋಣಿಯ ಮೂಲೆ ತಾಗಿ ಹೊಂಡದ ಪ್ಲಾಸ್ಟಿಕ್ ಹಾಳೆ ಹರಿದೀತು. ಮೂಲೆ ದುಂಡಗೆ ಮಾಡಿ, ಅಂಚಿಗೆ ಹಳೇ ಟ್ಯೂಬ್ ಸುತ್ತಿದರೆ ಮುಗೀತು. ಮುನಿರಾಬಾದ್ ಜಲಾಶಯದ ಹಿನ್ನೀರಿನಲ್ಲಿ ನಿಂತ ನೀರಿಗೆ ಇಳಿಸುವ ದೋಣಿಗೂ ಫೈಬರ್ ಗ್ಲಾಸ್ ಸಾಕು. ಕೆವ್ಲಾರ್ ಬಟ್ಟೆಯ ದರ ಗಾಜಿನ ಬಟ್ಟೆಯ ಹಲವು ಪಟ್ಟು. ಅದಕ್ಕೆ ಅರ್ಥ ಬರುವುದು ಆನೆಗೊಂದಿಯಂಥ ಬಂಡೆಗಳ ನಡುವಿನ ಹರಿವಿನಲ್ಲಿ ಗೊನೆ, ಗೊಬ್ಬರ ಹೊತ್ತು ದಾಟುವ ದೋಣಿಗೆ ಮಾತ್ರ.

ಅಲ್ಲೂ ಕೆವ್ಲಾರ್ ಕೊಡುವುದು ಏನು ಅಂತ ಸ್ಪಷ್ಟ ಇರಲಿ. ಅದು ಒಡೆಯದ ದೋಣಿ ಕೊಡುವುದಿಲ್ಲ. ಪ್ಲೈವುಡ್ ಸೀಳಿದ ಮೇಲೂ ಚೂರುಗಳನ್ನು ಒಟ್ಟಿಗೆ ಹಿಡಿಯುತ್ತದೆ. ನೀರು ಭರ್ರನೆ ನುಗ್ಗುವ ಬದಲು ಜಿನುಗುತ್ತದೆ. ನಿಮಗೆ ಸಿಗುವುದು ದಂಡೆ ಮುಟ್ಟುವಷ್ಟು ಸಮಯ, ಅಷ್ಟೇ. ಮಗುಚಿದ ದೋಣಿಯನ್ನು ಅದು ತೇಲಿಸುವುದಿಲ್ಲ. ಅದಕ್ಕೆ ಮುಂದೆ-ಹಿಂದೆ ಗಾಳಿಯಾಡದ ಪೆಟ್ಟಿಗೆ ಅಥವಾ ಥರ್ಮೋಕೋಲ್ ಬೇಕು, ಪ್ರತಿಯೊಬ್ಬರ ಮೈಮೇಲೆ ಲೈಫ್ ಜಾಕೆಟ್ ಬೇಕು.

ಇನ್ನು ಪ್ರವಾಹ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ. ಹೊಳೆ ಯಾವಾಗ ಏರುತ್ತದೆ ಅಂತ ದಂಡೆಯಲ್ಲಿ ನಿಂತು ಹೇಳಲಿಕ್ಕೆ ಆಗುವುದಿಲ್ಲ. ನೀರು ಬಿಟ್ಟ ಸುದ್ದಿ ಬಂದ ದಿನ ಕೊಯ್ಲಿಗೆ ಬಂದ ಗೊನೆ ಆ ದಂಡೆಯಲ್ಲೇ ಇರಲಿ. ಗಂಗಾವತಿ ಕಡೆಯವರು ಕಡೆಬಾಗಿಲು-ಬುಕ್ಕಸಾಗರ ಸೇತುವೆ ಸುತ್ತಿ ಹೋಗ್ರಿ. ಸುತ್ತಿನ ಡೀಸೆಲ್ ಖರ್ಚು ಮುಂದಿನ ಗೊನೆಯಲ್ಲಿ ಬಂದೀತು.