ಆರೈಕೆ ಮಾಡುವವರಿಗೂ ದಣಿವುಂಟು



ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ನಾವು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತೇವೆ. ಪೋಪ್ ಎರಡನೆಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ಈ ದಿನದಂದು ರೋಗಿಗಳಿಗಾಗಿ ಮಾತ್ರವಲ್ಲ, ಅವರ ಆರೈಕೆ ಮಾಡುವವರಿಗಾಗಿಯೂ ಪ್ರಾರ್ಥಿಸುತ್ತೇವೆ. ಈ ಎರಡನೆಯ ಪ್ರಾರ್ಥನೆಯನ್ನು ಬಾಯಿಮಾತಿನಲ್ಲಿ ಮುಗಿಸಿಬಿಡುವುದೇ ಹೆಚ್ಚು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ನೋಡೋಣ. ಸರ್ಕಾರದ ಮಾನದಂಡದಂತೆ ಬಯಲುಸೀಮೆಯಲ್ಲಿ ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ, 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಕಾಗದದ ಮೇಲೆ ಇದು ಹೊರಲಾರದ ಭಾರವೇನಲ್ಲ. ಆದರೆ ಇಲ್ಲಿ ಊರಿಂದೂರಿಗೆ ದೂರ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಕೂಲಿ ಮಾಡಲು ಮಹಾರಾಷ್ಟ್ರಕ್ಕೋ ಗೋವೆಗೋ ಗುಳೆ ಹೋಗುತ್ತವೆ. ತಾಯಿ ಕಾರ್ಡಿನ ಹೆಸರು ಈ ಊರಿನದು, ಬಸುರಿ ಇರುವುದು ಸೊಲ್ಲಾಪುರದಾಚೆ. ಮಗುವಿನ ಲಸಿಕೆ ತಪ್ಪಿದರೆ ಮೇಲಿನವರು ಕೇಳುವುದು ಆಶಾ ಕಾರ್ಯಕರ್ತೆಯನ್ನು, ನರ್ಸಮ್ಮನನ್ನು. 2020ರಲ್ಲಿ ಕೊರೊನಾ ಸಮೀಕ್ಷೆಗೆ ಮನೆಮನೆ ತಿರುಗಿದವರೂ ಅವರೇ. ಆ ಕೆಲಸ ಮುಗಿಯುವ ಮೊದಲೇ, ಅದೇ ಅಕ್ಟೋಬರಿನಲ್ಲಿ, ಭೀಮೆ ಉಕ್ಕಿ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು.

ಹೀಗೆ ವರ್ಷಗಟ್ಟಲೆ ಭಾರ ಇಳಿಯದಿದ್ದರೆ ಏನಾಗುತ್ತದೆ? ವೈದ್ಯರು ಅದನ್ನು 'ಬರ್ನ್‌ಔಟ್' ಎನ್ನುತ್ತಾರೆ. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಸುಡುವ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದಲ್ಲ, ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತು. ಗುರುತುಗಳು ಮೂರು: ನಿದ್ದೆಯಿಂದಲೂ ಹೋಗದ ಆಯಾಸ, ಕೆಲಸದ ಮೇಲೆ, ಜನರ ಮೇಲೆ ಮನಸ್ಸು ಮರಗಟ್ಟುವುದು, ಏನು ಮಾಡಿದರೂ ಉಪಯೋಗವಿಲ್ಲ ಎನ್ನಿಸುವುದು. ಎರಡನೆಯದನ್ನೇ ನಾವು ಆಸ್ಪತ್ರೆಯಲ್ಲಿ ಕಂಡು 'ಸಿಸ್ಟರ್‌ಗೆ ಸೊಕ್ಕು' ಎಂದುಬಿಡುತ್ತೇವೆ. ಸೊಕ್ಕಿನವರು ಇಲ್ಲವೆಂದಲ್ಲ! ಆದರೆ ಬಳಲಿದವರಲ್ಲಿ ಗಮನವೂ ಕುಂದುತ್ತದೆ. ಬಸುರಿಯ ಏರಿದ ರಕ್ತದೊತ್ತಡ ಕಣ್ತಪ್ಪಿದರೆ ಎರಡು ಜೀವಗಳಿಗೆ ಅಪಾಯ.

ಕೂಲಿಯ ಮಾತೂ ಇದೆ. ಆಶಾ ಕಾರ್ಯಕರ್ತೆಯರು ಸರ್ಕಾರಿ ನೌಕರರಲ್ಲ; ಅವರಿಗೆ ಸಿಗುವುದು ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಆ ಹಣವೂ ಕೈಗೆ ಬಾರದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಆದರೂ 2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭರವಸೆ ಕೊಟ್ಟ ಮೇಲೆಯೇ ಅವರು ಎದ್ದರು.

ಪ್ರವಾದಿ ಎಲೀಯನೂ ಒಮ್ಮೆ ಬಳಲಿ, ಗಿಡವೊಂದರ ಅಡಿಯಲ್ಲಿ ಬಿದ್ದು, ಸಾವನ್ನೇ ಬೇಡಿದನು. ದೇವದೂತನು ಅವನಿಗೆ ಬುದ್ಧಿವಾದ ಹೇಳಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಮುಂದಿನ ಪ್ರಯಾಣದ ಮಾತು ಆಮೇಲೆ. ದಣಿದ ನರ್ಸಮ್ಮನಿಗೆ ತಾಳ್ಮೆಯ ಉಪದೇಶ, ಧ್ಯಾನದ ತರಬೇತಿ ಕೊಡುವುದು ಸುಲಭ. ಅವರಿಗೆ ಬೇಕಾಗಿರುವುದು ಖಾಲಿ ಹುದ್ದೆಗಳ ಭರ್ತಿ, ವಾರದ ರಜೆ, ಸಕಾಲಕ್ಕೆ ಸಂಬಳ.

ಇದು ನಮ್ಮ ಕೈಯಲ್ಲಿಲ್ಲ ಎನ್ನಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ, ಊರಿಗೆ ಗ್ರಾಮಸಭೆ ಇದೆ. ಅಲ್ಲಿ ರಸ್ತೆ, ಚರಂಡಿಯ ಜೊತೆಗೆ ಖಾಲಿ ಹುದ್ದೆಯನ್ನೂ ಕೇಳಬಹುದು. ಗುಳೆ ಹೋಗುವ ಮುಂಚೆ ಆಶಾ ಅಕ್ಕನಿಗೆ ತಿಳಿಸಿ, ತಾಯಿ ಕಾರ್ಡನ್ನು ಜೊತೆಗೆ ಒಯ್ಯಬಹುದು. ಬಿಸಿಲಲ್ಲಿ ಬಾಗಿಲಿಗೆ ಬಂದವರನ್ನು ಒಳಗೆ ಕರೆದು ಕೂರಿಸಬಹುದು. ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿಯೂ ನರ್ಸುಗಳಿದ್ದಾರೆ. ರಾತ್ರಿಪಾಳಿ ಮುಗಿಸಿ ಬಂದ ಮಗಳಿಗೋ ಸೊಸೆಗೋ ಮೊದಲು ನಿದ್ದೆ ಮಾಡಲು ಬಿಡಿ, ಅಡುಗೆಮನೆ ಆಮೇಲೆ. ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಕರೆ ಮಾಡಲು ಹೇಳಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.